ಯಾರು ಕೊಟ್ಟರು, ಯಾರಿಗೆ ಕೊಟ್ಟರು?

ತಿಪಟೂರಿನಲ್ಲಿ ಬ್ಯಾಂಕ್ ಕೌಂಟರಿನಲ್ಲಿ ಕೂತು ಕೆಲಸ ಮಾಡಿದವನು ನಾನು. ಕೊಬ್ಬರಿ ಮಾರಿ ಬಂದ ರೈತ 50,000ಕ್ಕಿಂತ ಜಾಸ್ತಿ ನಗದು ಕಟ್ಟಿದರೆ ಪ್ಯಾನ್ ಕೇಳಲೇಬೇಕಿತ್ತು. ಇಲ್ಲದವರಿಂದ ಫಾರಂ 60 ತುಂಬಿಸಿಕೊಳ್ಳುತ್ತಿದ್ದೆ. ನಿಯಮ, ಸರಿ.

ಆದರೆ 2018ರ ಚುನಾವಣಾ ಬಾಂಡ್? ಕಂಪನಿಗಳು ಸ್ಟೇಟ್ ಬ್ಯಾಂಕಿನಲ್ಲಿ ಈ ಬಾಂಡ್ ಕೊಂಡು ಪಕ್ಷಗಳಿಗೆ ಕೋಟಿಗಟ್ಟಲೆ ಕೊಡಬಹುದಿತ್ತು. ಯಾರು ಯಾರಿಗೆ ಕೊಟ್ಟರು ಅಂತ ವೋಟು ಹಾಕುವ ನಮಗೆ ಮಾತ್ರ ಗೊತ್ತಾಗುವಂತಿರಲಿಲ್ಲ. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ವಿವರ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಸಮಯ ಕೇಳಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು, ಅಲ್ವಾ? ಕೋರ್ಟ್ ಒಪ್ಪಲಿಲ್ಲ. ಮಾರ್ಚ್‌ನಲ್ಲೇ ಪಟ್ಟಿ ಹೊರಬಂತು.

ಅವತ್ತು ರಾತ್ರಿ ನಮ್ಮನೆಯಲ್ಲಿ ಹಾಕುವ ಚಾನೆಲ್ ಆ ಸುದ್ದಿಯನ್ನು ಸುಮ್ನೆ ದಾಟಿಸಿಬಿಟ್ಟಿತು. ನನಗೆ ತಡೆಯಲಾಗಲಿಲ್ಲ. ಚುನಾವಣಾ ಆಯೋಗದ ವೆಬ್‌ಸೈಟಿನಿಂದ ಪಟ್ಟಿ ಇಳಿಸಿಕೊಂಡು, ಒಂದೊಂದೇ ಕಂಪನಿಯ ಹೆಸರು ಓದುತ್ತಾ ಹೋದೆ.