ನೀಲಿ ಹೋಯಿತು, ಕೆಂಪು ಹೋಗಲಿಲ್ಲ: ಬೆಟಗೇರಿಯ ಬಣ್ಣದ ನೀರು, ಎಂಟನೇ ಕಂತು

ಕೊನೆಗೂ ಕೆಂಪು ಹೋಯಿತು! ಬೆಟಗೇರಿಯ ಮಗ್ಗದ ಮನೆಗಳಲ್ಲಿ ನೂಲಿಗೆ ಬಣ್ಣ ಹಾಕಿ ಉಳಿದ ನೀರನ್ನು, ಮನೆಯಲ್ಲೇ ಸುಟ್ಟ ಕಟ್ಟಿಗೆ ಇದ್ದಿಲಿನಿಂದ ತಿಳಿ ಮಾಡಲು ನೋಡುತ್ತಿದ್ದೇನೆ. ಇವತ್ತು ಬೆಳಿಗ್ಗೆ ಆರಕ್ಕೆ ಎದ್ದವನೇ ಕಿಟಕಿ ಹತ್ತಿರ ಹೋದೆ. ಮೂರನೇ ಬಾಟಲಿಯ ತಳದಲ್ಲಿ ಇದ್ದಿಲ ಪುಡಿ ತಣ್ಣಗೆ ಕೂತಿತ್ತು. ಬಾಟಲಿಯ ಹಿಂದೆ ಬೆರಳಿಟ್ಟರೆ ಉಗುರಿನ ಗೆರೆ ಕೂಡ ಕಾಣುತ್ತಿತ್ತು. ಐದು ವಾರ ಇದೇ ನೀರು ದಾಸವಾಳದ ಶರಬತ್ತಿನ ಹಾಗೆ ಕೂತಿತ್ತು, ಒಂದಿಷ್ಟೂ ತಿಳಿಯಾಗದೆ.

ಏಳನೇ ಘಾಣದ ಇದ್ದಿಲಿನ ಬಗ್ಗೆ ಹಿಂದಿನ ಸಲ ಬರೆದಿದ್ದೆ. ಜಾಲಿ ಕಟ್ಟಿಗೆಯ ಪುಡಿ, ಅದರ ತೂಕದ ಒಂದೂವರೆ ಪಟ್ಟು ಫಾಸ್ಫರಿಕ್ ಆಸಿಡ್, ರಾತ್ರಿಯಿಡೀ ನೆನೆ, ಮುಚ್ಚಿದ ಡಬ್ಬಿಯಲ್ಲಿ 450 ಡಿಗ್ರಿಗೆ ಒಂದು ತಾಸು. ಅದನ್ನು ಮತ್ತೆ ಹೇಳುವುದಿಲ್ಲ. ಇದ್ದಿಲು ಬಣ್ಣ ಹೀರುತ್ತದೆಯೇ ಅಂತ ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣದಿಂದ ಮಾಡುವ ಪರೀಕ್ಷೆಯಲ್ಲಿ ಈ ಘಾಣ ಫಸ್ಟ್ ಕ್ಲಾಸ್ ಪಾಸು. ಲೀಟರಿಗೆ 100 ಮಿಲಿಗ್ರಾಂ ನೀಲಿ ಬೆರೆಸಿದ ನೀರಿಗೆ ಒಂದು ಗ್ರಾಂ ಹಾಕಿ ಅಲುಗಾಡಿಸಿದರೆ ಕಾಲು ತಾಸಿನಲ್ಲಿ ತಿಳಿ.

ಆ ಖುಷಿಯಲ್ಲೇ ಹಿಂದಿನ ಓಣಿಯ ಮಗ್ಗದ ಮನೆಗೆ ಹೋಗಿ, ಲಡಿಗೆ (ನೂಲಿನ ಸುರುಳಿಗೆ) ಬಣ್ಣ ಹಾಕಿ ಉಳಿದ ನೀರನ್ನು ಎರಡು ಕ್ಯಾನ್ ತುಂಬಿಸಿಕೊಂಡು ಬಂದೆ. ಬೆಟಗೇರಿಯವರಿಗೆ ನಾನು ಹೇಳಬೇಕಾಗಿಲ್ಲ, ಲಡಿಗೆ ಕೆಂಪು ಹಾಕಿದ ದಿನ ಮನೆ ಮುಂದಿನ ಗಟಾರವೂ ಕೆಂಪು. ಹತ್ತಿ ನೂಲಿಗೆ ಹಾಕುವ ರಿಯಾಕ್ಟಿವ್ ಬಣ್ಣದಲ್ಲಿ ಒಂದು ಪಾಲು ನೂಲನ್ನು ಹಿಡಿಯುವ ಮೊದಲೇ ನೀರಿನ ಜೊತೆ ಕೂಡಿಬಿಡುತ್ತದೆ. ಆಮೇಲೆ ಅದು ಯಾವ ನೂಲಿಗೂ ಗಟ್ಟಿಯಾಗಿ ಹತ್ತುವುದಿಲ್ಲ. ಹರಿದು ಹೋಗುವುದು ಅದೇ. ಈ ಕೆಲಸಕ್ಕೆ ನಾನು ಕೈ ಹಾಕಿದ್ದೇ ಆ ನೀರಿಗೋಸ್ಕರ.

ಏಳನೇ ಘಾಣದ ಇದ್ದಿಲು ಹಾಕಿದೆ. ಕಾಲು ತಾಸು, ಒಂದು ತಾಸು, ಒಂದು ರಾತ್ರಿ. ಕೆಂಪು ಕೆಂಪಾಗಿಯೇ ಇತ್ತು. ಇದ್ದಿಲು ಎರಡು ಪಟ್ಟು ಮಾಡಿದೆ, ಮೂರು ಪಟ್ಟು ಮಾಡಿದೆ. ಸ್ವಲ್ಪ ತೆಳುವಾದ ಹಾಗೆ ಕಂಡಿತು, ಅಷ್ಟೇ.

ಮೊದಲು ಅನುಮಾನ ಬಂದಿದ್ದು ಕಟ್ಟಿಗೆ ಪುಡಿಯ ಮೇಲೆ. ಅದಕ್ಕೆ ಕಾರಣವೂ ಇತ್ತು. ಸಾ ಮಿಲ್‌ನವರು ‘ಬರೀ ಜಾಲಿ’ ಅಂತ ಆಣೆ ಮಾಡಿ ಕೊಟ್ಟ ಚೀಲದ ತಳದಲ್ಲಿ ಪ್ಲೈವುಡ್ ಪುಡಿ ಇತ್ತು. ಸಾಣಿಗೆ ಹಿಡಿದಾಗ ತೆಳ್ಳನೆಯ ಅಂಟಿನ ಚಕ್ಕೆಗಳು ಮೇಲೆ ಉಳಿದವು. ಕೇಳಿದರೆ ‘ಅದೂ ಕಟ್ಟಿಗೆನೇ ಅಲ್ವಾ?’ ಅಂದರು. ಅಂಟು ಸೇರಿದ ಪುಡಿ ಸುಟ್ಟ ದಿನ ಓಣಿಯವರೆಲ್ಲ ಮೂಗು ಮುಚ್ಚಿಕೊಂಡು ಬಂದು ನಮ್ಮ ಬಾಗಿಲು ಬಡಿದಿದ್ದರು. ಇನ್ನೊಂದು ಕಡೆ ಆಸಿಡ್ ಅಂಗಡಿಯವರು 85 ಪರ್ಸೆಂಟಿನದು ಅಂತ ಕೊಟ್ಟ ಕ್ಯಾನ್ ಎತ್ತಿದಾಗಲೇ ಹಗುರ ಅನಿಸಿತು. ಆ ಆಸಿಡ್ ಒಂದು ಲೀಟರಿಗೆ ಹತ್ತಿರ ಹತ್ತಿರ 1.7 ಕಿಲೋ ತೂಗಬೇಕು. ನನ್ನದು 1.4ಕ್ಕೇ ನಿಂತಿತ್ತು. ದಯವಿಟ್ಟು ಎಲ್ಲರೂ ತೂಕ ಮಾಡಿಯೇ ತಗೊಳ್ಳಿ. ಬೇರೆ ಕಡೆಯಿಂದ ಆಸಿಡ್ ತಂದೆ. ನಾನೇ ಕಡಿದ ಜಾಲಿಯಿಂದ ಪುಡಿ ಮಾಡಿ ಎಂಟನೇ ಘಾಣ ಸುಟ್ಟೆ. ನೀಲಿ ಇನ್ನೂ ಬೇಗ ಹೋಯಿತು. ಕೆಂಪು ಜಗ್ಗಲಿಲ್ಲ.

ಗಂಟು ಬಿಚ್ಚಿದ್ದು ಮಗ್ಗದ ಮನೆಯ ಅಜ್ಜಿ. ಮತ್ತೆ ನೀರು ತರಲು ಹೋದಾಗ ಅವರು ಹಂಡೆಯಿಂದ ಲಡಿ ಎತ್ತುತ್ತಿದ್ದರು. ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸಿ, ‘ಸೋಡಾ ಜಾಸ್ತಿ ಆಯಿತು ನೋಡು, ಕೈ ಜಾರುತ್ತದೆ’ ಅಂದರು. ಬಣ್ಣ ನೂಲಿಗೆ ಹಿಡಿಯಲಿ ಅಂತ ಹಂಡೆಗೆ ಉಪ್ಪಿನ ಜೊತೆ ಬಟ್ಟೆ ಒಗೆಯುವ ಸೋಡಾ ಹಾಕುತ್ತಾರೆ. ನಾನೂ ಬೆರಳದ್ದಿ ನೋಡಿದೆ. ಸಾಬೂನಿನ ಹಾಗೆ ನುಣ್ಣಗೆ. ಇಷ್ಟು ದಿನ ಇದ್ದಿಲು ತೊಳೆದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ನೋಡುತ್ತಿದ್ದೆ, ಬಣ್ಣದ ನೀರಿನದನ್ನು ಒಮ್ಮೆಯೂ ನೋಡಿರಲಿಲ್ಲ. ಮನೆಗೆ ಬಂದು ಮೀಟರ್ ಅದ್ದಿದೆ. 10.6.

ಆಗ ಎಲ್ಲಾ ಕೂಡಿ ಬಂತು. ಮೆಥಿಲೀನ್ ಬ್ಲೂ ನೀರಿನಲ್ಲಿ ಧನ ಆವೇಶ ಹೊತ್ತ ಬಣ್ಣ. ರಿಯಾಕ್ಟಿವ್ ಬಣ್ಣಕ್ಕೆ ಸಲ್ಫೋನೇಟ್ ಬಾಲಗಳಿವೆ, ಅದು ಋಣ. ಫಾಸ್ಫರಿಕ್ ಆಸಿಡ್‌ನಲ್ಲಿ ಬೆಂದ ಇದ್ದಿಲಿನ ಮೈಮೇಲೆ ಆಮ್ಲದ ಗುಂಪುಗಳು ತುಂಬಿರುತ್ತವೆ. ಸೋಡಾ ನೀರಿನಲ್ಲಿ ಅವು ಹೈಡ್ರೋಜನ್ ಬಿಟ್ಟುಕೊಟ್ಟು ಋಣವಾಗುತ್ತವೆ. ಅಲ್ಲಿಗೆ ಇದ್ದಿಲೂ ಋಣ, ಬಣ್ಣವೂ ಋಣ. ಒಂದನ್ನೊಂದು ತಳ್ಳುತ್ತವೆ. ನೀಲಿಯನ್ನು ಬಾಚಿ ತಬ್ಬಿಕೊಂಡ ಗುಣವೇ ಕೆಂಪನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಂಡೆಗೆ ಹಾಕಿದ ಉಪ್ಪು ಈ ತಳ್ಳಾಟವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಇದ್ದಿಲು ಮೂರು ಪಟ್ಟು ಹಾಕಿದಾಗ ತುಸು ತೆಳುವಾಗಿದ್ದಕ್ಕೆ ಅದೂ ಕಾರಣ ಇರಬೇಕು.

ಮೂರು ಬಾಟಲಿ ಇಟ್ಟೆ, ಒಂದೊಂದರಲ್ಲೂ 200 ಮಿಲಿ ಬಣ್ಣದ ನೀರು. ಮೊದಲನೆಯದು ಇದ್ದ ಹಾಗೇ, ಜೊತೆಗೆ ಒಂದು ಗ್ರಾಂ ಇದ್ದಿಲು. ಎರಡನೆಯದು ಪಿಎಚ್ 3ಕ್ಕೆ ಇಳಿಸಿದ್ದು, ಇದ್ದಿಲು ಇಲ್ಲ. ಮೂರನೆಯದು ಪಿಎಚ್ 3, ಇದ್ದಿಲೂ ಇದೆ. ಎರಡನೆಯದನ್ನು ಬಿಡಬೇಡಿ. ಆಸಿಡ್‌ಗೇ ಬಣ್ಣ ಬದಲಾಗಿದ್ದರೆ ನಾವು ಸುಮ್ನೆ ಇದ್ದಿಲನ್ನು ಹೊಗಳುತ್ತಾ ಕೂರುತ್ತೇವೆ. ಪಿಎಚ್ ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್ ತಗೊಂಡೆ. ಫಾಸ್ಫರಿಕ್ ಮನೆಯಲ್ಲೇ ಇತ್ತು, ಆದರೆ ಆ ಫಾಸ್ಫೇಟ್ ಗಟಾರದಿಂದ ಕೆರೆಗೆ ಹೋದರೆ ಪಾಚಿಗೆ ಹಬ್ಬ. ಸೋಡಾ ಇರುವ ನೀರಿಗೆ ಆಸಿಡ್ ಹನಿ ಹನಿಯಾಗಿಯೇ ಹಾಕಿ. ನಾನು ಒಮ್ಮೆ ಅವಸರ ಮಾಡಿದೆ. ಗುಲಾಬಿ ನೊರೆ ಉಕ್ಕಿ ಮೇಜಿನ ಕಾಲಿನವರೆಗೂ ಇಳಿಯಿತು. ಅಮ್ಮ ನೋಡಿ, ‘ಹೋಳಿ ಇನ್ನೂ ದೂರ ಇದೆ’ ಅಂದರು.

ನಾಲ್ಕು ತಾಸಿಗೆ ಮೂರನೆಯದು ತೆಳು ಗುಲಾಬಿ. ಬೆಳಿಗ್ಗೆಗೆ ತಿಳಿ. ಮೊದಲನೆಯದೂ ಎರಡನೆಯದೂ ಕೆಂಪು ಕೆಂಪೇ.

ಇದ್ದಿಲಿಗೆ ಬಣ್ಣ ತೆಗೆಯುವ ಶಕ್ತಿ ಇದೆ ಅಂತ 1785ರಲ್ಲಿ ಗುರುತಿಸಿದ ತೋಬಿಯಾಸ್ ಲೋವಿಟ್ಸ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಔಷಧ ತಯಾರಿಸುತ್ತಿದ್ದವರು. ಕಂದು ತಿರುಗಿದ ಟಾರ್ಟರಿಕ್ ಆಸಿಡ್ ದ್ರಾವಣ ಅವರ ಕೈಯಲ್ಲಿ ತಿಳಿಯಾಗಿತ್ತು. ಹುಳಿ ನೀರಿನಲ್ಲೇ ಈ ಕಥೆ ಶುರುವಾಗಿದ್ದು ಅಂತ ನೆನೆದು ರೋಮಾಂಚನ ಆಯಿತು.

ಇನ್ನೊಂದು ನೋಡಿದೆ. ಕೆಂಪು ಕುಡಿದ ಇದ್ದಿಲನ್ನು ಸೋಸಿ, ಒಂದು ಲೋಟ ಸೋಡಾ ನೀರಿಗೆ ಹಾಕಿದೆ. ಕಪ್ಪು ಪುಡಿಯ ಸುತ್ತ ಕೆಂಪು ಎಳೆಗಳು ನಿಧಾನ ಬಿಚ್ಚಿಕೊಂಡವು, ಕುಂಕುಮ ನೀರಿಗೆ ಬಿದ್ದ ಹಾಗೆ. ಪೂರ್ತಿ ಬರಲಿಲ್ಲ, ಆದರೆ ಸಾಕಷ್ಟು ಬಂತು. ಅಂದರೆ ಬಳಸಿದ ಇದ್ದಿಲನ್ನು ಹಾಗೇ ತಿಪ್ಪೆಗೆ ಎಸೆಯುವ ಹಾಗಿಲ್ಲ. ಜೊತೆಗೆ, ಅದೇ ಇದ್ದಿಲನ್ನು ತೊಳೆದು ಮತ್ತೆ ಬಳಸಲು ದಾರಿಯೂ ಇದೆ.

ತೆಂಗಿನ ಚಿಪ್ಪಿನ ಇದ್ದಿಲು ಯಾಕೆ ಬೇಡ ಅಂತ ಇಬ್ಬರು ಕೇಳಿದ್ದರು. ಅದರಲ್ಲಿ ಜಾಸ್ತಿ ಇರುವುದು ಬಹಳ ಸಣ್ಣ ರಂಧ್ರ. ಮೆಥಿಲೀನ್ ಬ್ಲೂ ಅಣುತೂಕ 320ರ ಆಸುಪಾಸು, ರಿಯಾಕ್ಟಿವ್ ಬ್ಲ್ಯಾಕ್ 5 ಅನ್ನುವ ಕಪ್ಪು ರಿಯಾಕ್ಟಿವ್ ಬಣ್ಣದ್ದು 990 ದಾಟುತ್ತದೆ. ದೊಡ್ಡ ಅಣು ಒಳಗೆ ಹೋಗಲು ಬಾಗಿಲೂ ದೊಡ್ಡದಿರಬೇಕು. ಆಸಿಡ್ ಹಾಕಿ ಸುಟ್ಟ ಕಟ್ಟಿಗೆ ಇದ್ದಿಲಿನಲ್ಲಿ ಅಂಥ ಬಾಗಿಲು ಹೆಚ್ಚು.

ಈಗಿನ ತಲೆನೋವು ಆಸಿಡ್ ಲೆಕ್ಕ. 200 ಮಿಲಿಗೆ 4 ಮಿಲಿ ಬೇಕಾಯಿತು. 20 ಲೀಟರಿನ ಕ್ಯಾನಿಗೆ 400 ಮಿಲಿ. ಮಗ್ಗದ ಮನೆಗೆ ಇದು ಒಗ್ಗುವ ಮಾತಲ್ಲ, ಅದೂ ಮಕ್ಕಳು ಓಡಾಡುವ ಅಂಗಳದಲ್ಲಿ. ಅದಕ್ಕೆ ಎರಡು ದಾರಿ ಹಿಡಿದಿದ್ದೇನೆ. ಮೊದಲ ಹಂಡೆಯ ನೀರನ್ನೂ ಲಡಿ ಜಾಲಿಸಿದ ನೀರನ್ನೂ ಬೇರೆ ಬೇರೆ ಹಿಡಿಯುವುದು ಒಂದು. ಜಾಲಿಸಿದ ನೀರಿನಲ್ಲಿ ಸೋಡಾ ಕಡಿಮೆ. ಇನ್ನೊಂದು, ತೊಳೆದ ಇದ್ದಿಲನ್ನೇ ಗಾಳಿಯಾಡದ ಹಾಗೆ ಮುಚ್ಚಿ 800 ಡಿಗ್ರಿಗೆ ಮತ್ತೊಮ್ಮೆ ಕಾಯಿಸುವುದು. ಆಮ್ಲದ ಗುಂಪುಗಳು ಎಷ್ಟು ಉದುರುತ್ತವೋ ಅಷ್ಟು ಒಳ್ಳೆಯದು.

ಅಷ್ಟರಲ್ಲಿ ಹಾವೇರಿಯ ಗೆಳೆಯ ಗೋವಿನಜೋಳದ ಬೆಂಡು ಎರಡು ಚೀಲ ಕಳಿಸುತ್ತೇನೆ ಅಂದಿದ್ದಾನೆ. ಅದನ್ನು ಪುಡಿ ಮಾಡದೆ ತುಂಡಾಗಿಯೇ ಸುಟ್ಟು ಪೈಪಿನಲ್ಲಿ ತುಂಬಿ, ಮೇಲಿನಿಂದ ನೀರು ಬಿಡುವ ಆಸೆ ಇದೆ. ಪುಡಿ ಸೋಸಿ ಸೋಸಿ ಮನೆಯಲ್ಲಿ ಒಂದು ಧೋತರವೂ ಬೆಳ್ಳಗೆ ಉಳಿದಿಲ್ಲ.

ಸೋಮವಾರ ಅಜ್ಜಿ ಮತ್ತೆ ಕೆಂಪು ಹಾಕುತ್ತಾರಂತೆ. ಜಾಲಿಸಿದ ನೀರಿಗೆ ಬೇರೆ ಕೊಡ ಇಟ್ಟಿರುತ್ತೇನೆ ಅಂದಿದ್ದಾರೆ.