"ಇದು ನಿಮ್ಮ ಅಮ್ಮನ ಕೈರುಚಿನಾ?"

ದಾವಣಗೆರೆಯಲ್ಲಿ ನಮ್ಮದೊಂದು ಚಿಕ್ಕ ಮೆಸ್ ಇದೆ. ಊಟಕ್ಕೆ ಬರುವವರು ಹೆಚ್ಚಾಗಿ ಕಾಲೇಜು ಹುಡುಗರು, ರೂಮು ಮಾಡಿಕೊಂಡಿರುವ ನೌಕರಿಯವರು. ಮುದ್ದೆ, ಬೇಳೆ ಸಾರು, ಒಂದು ಪಲ್ಯ, ಅನ್ನ, ಮಜ್ಜಿಗೆ. ಕೈ ತೊಳೆದು ಬಂದು ದುಡ್ಡು ಕೊಡುವಾಗ ವಾರಕ್ಕೆ ಒಬ್ಬರಾದರೂ ಕೇಳುತ್ತಾರೆ: "ಅಕ್ಕಾ, ಸಾರು ಭಾಳ ಚೆನ್ನಾಗಿತ್ತು. ಇದು ನಿಮ್ಮ ಅಮ್ಮನ ಕೈರುಚಿನಾ?"

ಅಲ್ಲ ಅನ್ನುತ್ತೇನೆ. ನಮ್ಮಮ್ಮನ ಅಡುಗೆ ಚೆನ್ನಾಗಿರುತ್ತಿರಲಿಲ್ಲ ಅನ್ನುತ್ತೇನೆ. ಕೇಳಿದವರ ಮುಖ ಸಣ್ಣಗಾಗುತ್ತದೆ. ಹೆತ್ತ ತಾಯಿ ಬಗ್ಗೆ ಹೀಗೆ ಹೇಳ್ತಾಳಲ್ಲ ಅಂದುಕೊಳ್ಳುತ್ತಾರೇನೋ. ಅಷ್ಟರಲ್ಲಿ ಹಿಂದಿನವರು ದುಡ್ಡು ಚಾಚಿರುತ್ತಾರೆ, ಬಿಡಿಸಿ ಹೇಳಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಮ್ಮೂರು ಚಳ್ಳಕೆರೆ. ಎಣ್ಣೆ ಮಿಲ್ಲುಗಳ ಊರು. ಅಪ್ಪ ಒಂದು ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಡುಮನೆಯಲ್ಲಿ ಮೆಷಿನ್, ಅದರ ಹಿಂದಿನ ಗೋಡೆಯ ಆಚೆ ಅಡುಗೆ ಮನೆ.

ಅಮ್ಮನ ಮುದ್ದೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲೆ ನುಣ್ಣಗೆ ಹೊಳೆಯುತ್ತಿತ್ತು. ಬೆರಳಿಂದ ಮುರಿದರೆ ಒಳಗೆ ಗೋಲಿಯಷ್ಟು ದಪ್ಪ ಗಂಟುಗಳು. ಗಂಟು ಒಡೆದರೆ ಒಣ ಹಿಟ್ಟು, ಡಬ್ಬಿಯಲ್ಲಿದ್ದ ಹಾಗೇ. ಮುದ್ದೆ ಅಗಿದು ತಿನ್ನುವುದಲ್ವಲ್ಲ, ಸಾರಿನಲ್ಲಿ ಅದ್ದಿ ನುಂಗಬೇಕು. ಆ ಗಂಟು ಗಂಟಲಲ್ಲಿ ಒಡೆದರೆ ಹಿಟ್ಟು ಮೂಗಿಗೇರುತ್ತಿತ್ತು. ತಮ್ಮ ಕೆಮ್ಮುತ್ತಿದ್ದ. ಅಪ್ಪ ನೀರಿನ ಚೆಂಬನ್ನು ಅವನ ಕಡೆ ಸರಿಸುತ್ತಿದ್ದ. ಯಾರೂ ಮಾತಾಡುತ್ತಿರಲಿಲ್ಲ.

ಎಸರು ಕುದಿ ಬಂದ ಮೇಲೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ, ಉರಿ ಸಣ್ಣ ಮಾಡಿ ಹತ್ತು ನಿಮಿಷ ಬೇಯಲು ಬಿಡಬೇಕು. ಆಮೇಲೆ ತೊಳಸಬೇಕು. ಅಮ್ಮನ ಹತ್ತಿರ ಆ ಹತ್ತು ನಿಮಿಷ ಇರಲಿಲ್ಲ. ಸುರಿದ ಕೂಡಲೇ ಕೋಲು ಹಾಕಿ ತಿರುವಿಬಿಡುತ್ತಿದ್ದಳು. ಹಿಟ್ಟಿನ ಗಂಟಿಗೆ ಹೊರಗಡೆ ಮಾತ್ರ ಬೆಂದು ಅಂಟು ಕಟ್ಟಿಕೊಂಡರೆ ಒಳಗೆ ನೀರು ಇಳಿಯುವುದೇ ಇಲ್ಲ.

ಸಾರಿನದು ಇನ್ನೊಂದು ಕಥೆ. ತಟ್ಟೆಗೆ ಹಾಕಿದರೆ ಬೇಳೆ ಒಂದು ಕಡೆ, ನೀರು ಒಂದು ಕಡೆ. ಬೇಳೆ ಕಚ್ಚಿದರೆ ನಡುವೆ ಗಟ್ಟಿ. ಒಗ್ಗರಣೆಯ ಸಾಸಿವೆ ಸೀದು ಕಹಿ. ಸಾರಿನ ಪುಡಿಯ ಹಸಿ ವಾಸನೆ. ಅಮ್ಮ ಬೇಳೆ, ಹುಣಸೆಹುಳಿ, ಉಪ್ಪು, ಪುಡಿ ಎಲ್ಲವನ್ನೂ ಕುಕ್ಕರಿಗೆ ಒಟ್ಟಿಗೇ ಹಾಕಿ ಮುಚ್ಚಳ ಮುಚ್ಚಿ ಮೆಷಿನ್ ಮುಂದೆ ಕೂರುತ್ತಿದ್ದಳು. ಪೆಡಲ್ ಮೇಲೆ ಕಾಲು ಓಡಲು ಶುರುವಾದರೆ ಆ ಸದ್ದಿನಲ್ಲಿ ವಿಷಲ್ ಕೇಳಿಸುತ್ತಿರಲಿಲ್ಲ. "ಎಷ್ಟಾಯ್ತೇ?" ಅಂತ ನನ್ನನ್ನು ಕೇಳುತ್ತಿದ್ದಳು. ನಾನೂ ಎಣಿಸಿರುತ್ತಿರಲಿಲ್ಲ. ಒಂದು ದಿನ ಎರಡು ವಿಷಲ್ಲಿಗೆ ಇಳಿಸಿದರೆ ಇನ್ನೊಂದು ದಿನ ತಳ ಸೀದ ವಾಸನೆ ಬಂದ ಮೇಲೇ ಎದ್ದು ಓಡುತ್ತಿದ್ದಳು.

ನಾಯಕನಹಟ್ಟಿ ಜಾತ್ರೆಯಿಂದ ಯುಗಾದಿವರೆಗೆ ನಮ್ಮ ಊಟ ಎಲ್ಲಕ್ಕಿಂತ ಕೆಟ್ಟದಾಗಿರುತ್ತಿತ್ತು. ಸುತ್ತಲಿನ ಹಳ್ಳಿಗಳಿಂದ, ಪರಶುರಾಂಪುರದ ಕಡೆಯಿಂದಲೂ ಹೆಂಗಸರು ಬಟ್ಟೆ ತರುತ್ತಿದ್ದರು. ಅಮ್ಮ ಟೇಪು ಹಿಡಿಯುವ ಮೊದಲೇ, ಬಾಗಿಲಲ್ಲಿ ನಿಂತವರನ್ನು ನೋಡಿ, "ಎಡಗಡೆ ಹೆಗಲು ಸ್ವಲ್ಪ ಇಳಿದೈತೆ, ಆ ಕಡೆ ಕಾಲಿಂಚು ಒಳಗೆ ತಗೋತೀನಿ" ಅನ್ನುತ್ತಿದ್ದಳು. ಕಾಲಿಂಚು! ಸಾರಿಗೆ ಉಪ್ಪು ಹಾಕುವಾಗ ಡಬ್ಬಿಯ ಕಡೆಯೂ ನೋಡದ ಅದೇ ಅಮ್ಮ. ರವಿಕೆ ತೊಟ್ಟುಕೊಂಡು ಬಂದು ತೋರಿಸುವವರು "ನಿಮ್ಮ ಕೈಗುಣ ಯಾರಿಗೂ ಬರಲ್ಲ ಬಿಡಿ" ಅನ್ನುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಕೈಗುಣ ಅವಳಲ್ಲಿತ್ತು. ಅದು ಇದ್ದ ಜಾಗ ಬೇರೆ.

ಒಂದು ಸಲ ನನ್ನ ಸಾರಿನಲ್ಲಿ ಹಸಿರು ನೂಲು ಬಂತು. ಎಳೆದು ತಟ್ಟೆಯ ಅಂಚಿಗೆ ಅಂಟಿಸಿದೆ. ಅಮ್ಮ ನೋಡಿದಳು. ಬೈಸಿಕೊಂಡವಳ ಹಾಗೆ ಮುಖ ತಗ್ಗಿಸಿ, ಮೆಲ್ಲಗೆ, "ಆ ಹಸಿರು ರವಿಕೆ ಮುಗೀತು ಕಣೇ. ತೋಳಿನ ಬಾರ್ಡರ್ ಎಷ್ಟು ಚೆನ್ನಾಗಿ ಕೂತಿದೆ ಗೊತ್ತಾ?" ಅಂದಳು. ಊಟ ಮುಗಿಸಿ ಎದ್ದು ತಂದು ತೋರಿಸಿದಳು. ನಿಜವಾಗಿಯೂ ಚೆನ್ನಾಗಿ ಕೂತಿತ್ತು. ಆ ರವಿಕೆಗಳ ದುಡ್ಡಲ್ಲೇ ನನ್ನ ಫೀಸು, ತಮ್ಮನ ಫೀಸು, ಅಜ್ಜಿಯ ಮಾತ್ರೆ ಎಲ್ಲ ನಡೆಯುತ್ತಿತ್ತು.

ನೆಂಟರು ಮಾತ್ರ ಬಿಡುತ್ತಿರಲಿಲ್ಲ. ದೊಡ್ಡಮ್ಮನ ಹುಳಿ, ದೊಡ್ಡಮ್ಮನ ಹೋಳಿಗೆ ಅಂತ ಹೊಗಳಿ, "ಅಕ್ಕನ ಕೈಯಲ್ಲಿರೋದು ನಿನ್ನ ಕೈಗೆ ಬರಲಿಲ್ಲ ನೋಡು" ಅನ್ನುತ್ತಿದ್ದರು. ಅಮ್ಮ ಉತ್ತರ ಕೊಟ್ಟಿದ್ದು ನಾನು ನೋಡಿಲ್ಲ. ಎಲ್ಲರ ತಟ್ಟೆ ಎತ್ತಿ ತೊಳೆಯಲು ಹೋಗುತ್ತಿದ್ದಳು. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಮಾತಿನ ಮೇಲೆ, ಗಂಟು ಮುದ್ದೆಯ ಮೇಲಲ್ಲ.

ಅಪ್ಪನಿಗೆ ಬರುತ್ತಿದ್ದದ್ದು ಒಂದೇ, ಉಪ್ಪಿಟ್ಟು. ಅಮ್ಮ ಟೈಫಾಯ್ಡ್ ಬಂದು ಮಲಗಿದ್ದಾಗ ಎರಡು ವಾರ ಅದನ್ನೇ ತಿಂದೆವು. ರವೆ ಹುರಿಯಬೇಕು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ಹಸಿ ರವೆ ನೀರಿಗೆ ಬಿದ್ದರೆ ಅಂಟಂಟಾಗಿ ಒಂದೇ ಮುದ್ದೆಯಾಗುತ್ತದೆ. ಎಲ್ಲರೂ ಉಪ್ಪಿಟ್ಟನ್ನು ಕಾಂಕ್ರೀಟ್ ಅಂತ ಆಡಿಕೊಳ್ಳುತ್ತಾರಲ್ಲ, ಅದು ಅಪ್ಪನ ಉಪ್ಪಿಟ್ಟಿಗೆ ಸರಿಯಾಗಿ ಹೊಂದುತ್ತಿತ್ತು. ಆದರೂ ಆ ಹದಿನೈದು ದಿನ ಯಾರೂ "ನಿನ್ನ ಕೈಗೆ ಬರಲಿಲ್ಲ" ಅನ್ನಲಿಲ್ಲ. ಬಂದವರೆಲ್ಲ "ಪಾಪ, ಗಂಡಸಾಗಿ ಎಷ್ಟು ಮಾಡ್ತಾನೆ" ಅಂದರು.

ಮದುವೆಯಾಗಿ ದಾವಣಗೆರೆಗೆ ಬಂದಿದ್ದು 2004ರಲ್ಲಿ. ಬರುವಾಗ ಅಮ್ಮ ಎರಡು ಕಿಲೋ ತೊಗರಿ ಬೇಳೆ ಕಟ್ಟಿಕೊಟ್ಟಿದ್ದಳು, ನಮ್ಮ ಮನೆಯಲ್ಲಿ ಬೇಯುತ್ತಿದ್ದ ಅದೇ ಬೇಳೆ. ಮೊದಲ ದಿನ ನಾನೂ ಅಮ್ಮನ ಹಾಗೇ ಅವಸರದಲ್ಲಿದ್ದೆ. ಹುಳಿ, ಉಪ್ಪು ಮರೆತು ಬೇಳೆ ನೀರು ಅಷ್ಟೇ ಇಟ್ಟೆ. ಮೂರು ವಿಷಲ್ ಆಯಿತು. ಮುಚ್ಚಳ ತೆಗೆದರೆ ಬೇಳೆ ಬೆಣ್ಣೆಯಂತೆ ಕರಗಿದೆ. ಸೌಟು ಹಾಕಿದರೆ ಒಂದು ಕಾಳೂ ತಗಲಲಿಲ್ಲ. ನಾನು ಸೌಟು ಹಿಡಿದು ಸುಮ್ನೆ ನಿಂತುಬಿಟ್ಟೆ.

ಆಮೇಲೆ ಒಂದೊಂದಾಗಿ ತಿಳಿಯಿತು. ಚಳ್ಳಕೆರೆಯಲ್ಲಿ ನಾವು ಅಡುಗೆಗೆ ಬಳಸುತ್ತಿದ್ದದ್ದು ಬೋರ್‌ವೆಲ್ ನೀರು. ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತಿತ್ತು, ಕೆರೆದರೂ ಹೋಗುತ್ತಿರಲಿಲ್ಲ. ಅಂಥ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇಳೆಯೊಳಗಿನ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿ ಹಿಡಿದುಕೊಳ್ಳುತ್ತವೆ. ಬೇಳೆ ಒಡೆಯುವುದಿಲ್ಲ. ಅದರ ಮೇಲೆ ಹುಳಿ ಮೊದಲೇ ಬಿದ್ದರೆ ಇನ್ನೂ ಬಿರುಸಾಗುತ್ತದೆ. ಬೇಳೆ ಹಳೆಯದಾದರೆ ಮುಗಿದೇ ಹೋಯಿತು. ದಾವಣಗೆರೆಯ ನಲ್ಲಿಗೆ ಬರುವುದು ಕಾಲುವೆಯ, ಹೊಳೆಯ ನೀರು. ಭದ್ರಾ ನಾಲೆಯಿಂದ ಕುಂದವಾಡ ಕೆರೆ ತುಂಬಿಸಿ ಕೊಡುತ್ತಾರೆ. ನಮ್ಮ ಮೆಸ್‌ನಲ್ಲಿ ಈಗಲೂ ಬೇಳೆ ಬೇಯಿಸುವುದು ಆ ನೀರಿನಲ್ಲೇ. ನಲ್ಲಿ ಬರದ ದಿನ ಬೋರ್ ನೀರು ಬಳಸಬೇಕಾದರೆ ಬೇಳೆಯನ್ನು ಮೊದಲೇ ನೆನೆಹಾಕುತ್ತೇನೆ, ಚಿಟಿಕೆ ಅಡುಗೆ ಸೋಡಾ ಹಾಕುತ್ತೇನೆ.

ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಕಾಜಾ ಹೊಲಿಯುತ್ತಿದ್ದಳು. ಸೂಜಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, "ಹಂಗಾದ್ರೆ ಪೂರ್ತಿ ನನ್ನ ತಪ್ಪಲ್ಲ ಅನ್ನು" ಅಂದಳು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಆ ತಪ್ಪನ್ನು ಒಬ್ಬಳೇ ಹೊತ್ತುಕೊಂಡಿದ್ದಳು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಹಾಗಾದರೆ ನೀನು ಕಲಿತಿದ್ದು ಯಾರಿಂದ ಅಂತಲೂ ಕೇಳುತ್ತಾರೆ. ಅಜ್ಜಿಯಿಂದ, ಅಪ್ಪನ ಅಮ್ಮ. ನಾನು ಹನ್ನೊಂದು ವರ್ಷದವಳಿದ್ದಾಗ ಹಳ್ಳಿ ಬಿಟ್ಟು ನಮ್ಮ ಮನೆಗೆ ಬಂದಳು. ಅಜ್ಜಿಯ ಮುದ್ದೆಯಲ್ಲಿ ಹುಡುಕಿದರೂ ಗಂಟು ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೋಲು ಕೈಗೆ ಕೊಟ್ಟಳು. ನಾಲ್ಕು ವರ್ಷ ನಾವು ಚೆನ್ನಾಗಿ ಉಂಡೆವು. ಆಮೇಲೆ ಅಜ್ಜಿಯ ಅಡುಗೆ ಕೆಟ್ಟಿತು.

ಉಪ್ಪು ಜಾಸ್ತಿಯಾಗತೊಡಗಿತು. ಮೊದಮೊದಲು ಸ್ವಲ್ಪ. ಆಮೇಲೆ ಬಾಯಿಗಿಡಲು ಆಗದಷ್ಟು. ವಯಸ್ಸಾದಂತೆ ಮೂಗು ಮಂಕಾಗುತ್ತದೆ, ಅದರ ಜೊತೆ ನಾಲಿಗೆಯ ರುಚಿಯೂ ಕಡಿಮೆಯಾಗುತ್ತದೆ. ಆಗ ಯಾರಿಗೆ ಗೊತ್ತಿತ್ತು? "ಉಪ್ಪು ಸರಿ ಐತೇನ್ರಪ್ಪಾ?" ಅಂತ ಅಜ್ಜಿ ದಿನಾ ಕೇಳುತ್ತಿದ್ದಳು. "ಸರಿ ಐತೆ ಕಣಮ್ಮ" ಅಂತ ಅಪ್ಪ ಮಜ್ಜಿಗೆ ಬೆರೆಸಿಕೊಂಡು ಉಣ್ಣುತ್ತಿದ್ದ. ಅಮ್ಮನೂ ಅದನ್ನೇ ಹೇಳುತ್ತಿದ್ದಳು. ಕೆಟ್ಟ ಅಡುಗೆ ಅನ್ನಿಸಿಕೊಂಡರೆ ಹೇಗಿರುತ್ತದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹೇಳಿಬಿಟ್ಟವಳು ನಾನು. ಹದಿನೈದು ವರ್ಷ. ಪರೀಕ್ಷೆ ಇತ್ತು, ಹಸಿವಾಗಿತ್ತು. "ಅಜ್ಜಿ, ಬರೀ ಉಪ್ಪು ಇದು" ಅಂತ ತಟ್ಟೆ ತಳ್ಳಿದೆ. ಅಜ್ಜಿ ನನ್ನ ತಟ್ಟೆಯಿಂದಲೇ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಿದ್ದಳು. "ನಂಗೆ ಗೊತ್ತಾಗ್ತಿಲ್ಲಲ್ಲವ್ವ" ಅಂದಳು. ಮಾರನೆ ದಿನದಿಂದ ಒಲೆಯ ಹತ್ತಿರ ಬರಲಿಲ್ಲ. ಮುದ್ದೆ ಕೋಲನ್ನು ತೊಳೆದು ಒರೆಸಿ ನನ್ನ ಪುಸ್ತಕದ ಪಕ್ಕ ಇಟ್ಟಿದ್ದಳು.

ಸುಳ್ಳು ಹೇಳುತ್ತಲೇ ಇರಬೇಕಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಉಪ್ಪು ಒಂದನ್ನು ನಾನು ಹಾಕಬಹುದಿತ್ತು. ಉಳಿದದ್ದೆಲ್ಲ ಅವಳ ಕೈಯಲ್ಲಿ ಸರಿಯಾಗೇ ಇತ್ತು. ಈಗ ನಮ್ಮ ಮೆಸ್‌ನಲ್ಲಿ ಮುದ್ದೆ ತೊಳಸುವ ಕೆಲಸದವರಿಗೆ ಅರವತ್ತು ದಾಟಿದೆ. ಅವರು ಎಲ್ಲ ಮಾಡುತ್ತಾರೆ. ಉಪ್ಪು ನಾನು ಹಾಕುತ್ತೇನೆ.

ಮೆಸ್ ಶುರು ಮಾಡುವಾಗ ಬೋರ್ಡ್ ಬರೆಯುವವರು "ಅಮ್ಮನ ಕೈರುಚಿ ಅಂತ ಬರೀಲಾ? ಜನ ಬರ್ತಾರೆ" ಅಂದಿದ್ದರು. ಬೇಡ ಅಂದೆ. ಎಲ್ಲಿ ನೋಡಿದರೂ ಅದೇ ಬೋರ್ಡು. ಅಡುಗೆ ಚೆನ್ನಾಗಿ ಬಂದರೆ ಮಾತ್ರ ಅಮ್ಮ ಅನ್ನುವ ಹಾಗೆ. ನಮ್ಮಮ್ಮನಿಗೆ ಅಡುಗೆ ಮಾಡಲು ಇಷ್ಟವಿರಲಿಲ್ಲ. ಬೇರೆ ಯಾರೂ ಮಾಡುತ್ತಿರಲಿಲ್ಲ ಅಂತ ದಿನಾ ಎರಡು ಹೊತ್ತು ಮಾಡಿದಳು. ಅದನ್ನು ಮುಚ್ಚಿಟ್ಟು ಅವಳ ಹೆಸರಲ್ಲಿ ಸಾರು ಮಾರುವುದು ನನಗೆ ಸರಿ ಕಾಣಲಿಲ್ಲ.

ಈಗ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ರವಿಕೆ ಬಿಟ್ಟಿದ್ದಾಳೆ. ಸಂಜೆ ಗಲ್ಲಾ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾಳೆ, ಡಬ್ಬಿಯಲ್ಲಿ ಸೂಜಿ, ನೂಲು, ಗುಂಡಿ. ಹೋದ ವಾರ ಒಬ್ಬ ಹುಡುಗ ದುಡ್ಡು ಕೊಡುತ್ತಾ ಸೀದಾ ಅವಳನ್ನೇ ಕೇಳಿದ. "ಅಜ್ಜಿ, ಇದೆಲ್ಲ ನಿಮ್ಮ ಕೈರುಚಿನಾ?"

"ನಂದಲ್ಲಪ್ಪ" ಅಂದಳು ಅಮ್ಮ. "ನಾನು ರವಿಕೆ ಹೊಲಿತಿದ್ದೆ. ನಿನ್ನ ಅಂಗಿ ಕಾಲರ್ ಬಿಚ್ಚೈತೆ ನೋಡು. ನಾಳೆ ತಗಂಡು ಬಾ."