ನಳ ಬಂದ ದಿನವೇ ಆಫ್ ಆಗುತ್ತಿದ್ದ ಕಂಪ್ಯೂಟರ್

ಕಂಪ್ಯೂಟರ್ ಕೈಕೊಡುವುದರಲ್ಲಿ ಎರಡು ಜಾತಿ. ನೀಲಿ ಪರದೆ ತೋರಿಸಿ, ಅರ್ಥವಾಗದ ಒಂದು ಕೋಡನ್ನಾದರೂ ಹೇಳಿ ಹೋಗುವುದು ಒಂದು. ಹೇಳದೆ ಕೇಳದೆ ಫಟ್ಟನೆ ಕಪ್ಪಾಗಿ, ಒಂದೆರಡು ಸೆಕೆಂಡಿಗೆಲ್ಲ ತಾನೇ ಫ್ಯಾನ್ ತಿರುಗಿಸಿಕೊಂಡು, ಏನೂ ಆಗೇ ಇಲ್ಲ ಅನ್ನುವಂತೆ ಏಳುವುದು ಇನ್ನೊಂದು. ಮೊದಲನೆಯದರ ಜೊತೆ ಜಗಳವಾದರೂ ಆಡಬಹುದು. ನಮ್ಮ ಮನೆಯದು ಎರಡನೆಯ ಜಾತಿ.

ನಾನು ರಾಯಚೂರಿನಲ್ಲಿ ಮನೆಯಲ್ಲೇ ಕುಳಿತು ಡಿಟಿಪಿ ಕೆಲಸ ಮಾಡುತ್ತೇನೆ. ಮಾರ್ಚ್‌ವರೆಗೆ ಶಾಲೆಯವರ ಪ್ರಶ್ನೆಪತ್ರಿಕೆ, ಆಮೇಲೆ ಮಳೆಗಾಲದ ತನಕ ಲಗ್ನಪತ್ರಿಕೆ. ಇದು ಶುರುವಾಗಿದ್ದು 2025ರ ಬೇಸಿಗೆಯಲ್ಲಿ, ಲಗ್ನಗಳ ಗದ್ದಲದ ನಡುವೆ. ‘ಸ್ವಸ್ತಿಶ್ರೀ ವಿಜಯಾಭ್ಯುದಯ ಶಾಲಿವಾಹನ ಶಕೆ 1947ನೇ ವಿಶ್ವಾವಸು ನಾಮ ಸಂವತ್ಸರದ ವೈಶಾಖ’ ಅಂತ ಹೊಡೆಯುವಷ್ಟರಲ್ಲಿ ಪರದೆ ಮಾಯ. ನಾನು ಪತ್ರಿಕೆ ವಿನ್ಯಾಸ ಮಾಡುವ ಕೋರೆಲ್ ಡ್ರಾ ತಂತ್ರಾಂಶದಲ್ಲಿ ಬ್ಯಾಕಪ್ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿಟ್ಟಿದ್ದರಿಂದ ಕೆಲಸ ಪೂರ್ತಿ ಹಾಳಾಗುತ್ತಿರಲಿಲ್ಲ. ಆದರೆ ವರನ ಸೋದರಮಾವಂದಿರ ಹೆಸರುಗಳನ್ನು ಮತ್ತೆ ಮತ್ತೆ ಹೊಡೆಯುವ ತಾಳ್ಮೆ ಯಾರಿಗಿರುತ್ತದೆ? ಒಂದು ಹೆಸರು ಬಿಟ್ಟರೂ ಮದುವೆ ಮನೆಯಲ್ಲಿ ಮಾತು ಬರುತ್ತದೆ.

ಮೇ ತಿಂಗಳು, ರಾಯಚೂರು, ಹೊರಗೆ ನಲವತ್ತೆರಡು ಡಿಗ್ರಿ. ಕೇಳಿದವರೆಲ್ಲ ಒಂದೇ ಮಾತು: ‘ಹೀಟ್ ಆಗ್ಯಾದ ಬಿಡ್ರಿ.’ ಕೇಳಿದ ಕೂಡಲೇ ಹೌದು ಅನ್ನಿಸುವ ಮಾತು, ಹಾಗಾಗಿಯೇ ಪರೀಕ್ಷಿಸದೆ ಒಪ್ಪಲು ನನಗೆ ಇಷ್ಟವಿರಲಿಲ್ಲ. ಕ್ಯಾಬಿನೆಟ್ ಮುಚ್ಚಳ ತೆಗೆದಾಗ ಪ್ರೊಸೆಸರ್ ಮೇಲಿನ ಫ್ಯಾನಿಗೂ ಅದರ ಬಿಸಿ ಹೀರುವ ಹೀಟ್‌ಸಿಂಕಿಗೂ ನಡುವೆ ಕಂಬಳಿ ಹೊದಿಸಿದಷ್ಟು ಧೂಳು ಇತ್ತು, ಸುಳ್ಳಲ್ಲ. ಬ್ಲೋವರ್ ಹಿಡಿದು ಊದಿಸಿ, ಹೀಟ್‌ಸಿಂಕಿಗೆ ಬಿಸಿ ದಾಟಿಸುವ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸಿದೆ. ಆಮೇಲೆ ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್ ತಂತ್ರಾಂಶ ಹಾಕಿ ನೋಡಿದರೆ ಕೆಲಸದ ಭರದಲ್ಲೂ ಎಪ್ಪತ್ತೈದು ಡಿಗ್ರಿ ದಾಟುತ್ತಿರಲಿಲ್ಲ. ಇಂಟೆಲ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ ನೂರರ ಹತ್ತಿರ ಬಂದಾಗ ಮೊದಲು ತಮ್ಮ ವೇಗವನ್ನೇ ಇಳಿಸಿಕೊಳ್ಳುತ್ತವೆ, ಅದೂ ಸಾಲದೆ ಬಿಸಿ ಏರಿದರೆ ಮಾತ್ರ ಆಫ್ ಆಗುತ್ತವೆ. ಅಂದರೆ ಶಾಖದಿಂದ ಹೋಗುವ ಯಂತ್ರ ಹೋಗುವ ಮೊದಲು ನಿಧಾನವಾಗಿ ಕಾಡುತ್ತದೆ. ನನ್ನದು ಚುರುಕಾಗಿ ಓಡುತ್ತಿರುವಾಗಲೇ ಹೋಗುತ್ತಿತ್ತು. ಧೂಳು ತೆಗೆದ ಮೇಲೂ ಹೋಗುತ್ತಲೇ ಇತ್ತು.

ಸ್ಟೇಷನ್ ರಸ್ತೆ ಕಡೆಯ ಒಂದು ಅಂಗಡಿಗೆ ಒಯ್ದೆ. ಹುಡುಗ ಆನ್ ಮಾಡಿ ಅರ್ಧ ತಾಸು ನೋಡಿದ. ಅಲ್ಲಿ ಅದು ಮಿಸುಕಾಡಲಿಲ್ಲ. ‘ಅಕ್ಕಾ, ಫಾರ್ಮ್ಯಾಟ್ ಹೊಡೀತೀನಿ, ಆಗ್ಲಿಲ್ಲಂದ್ರ ಬೋರ್ಡ್ ಚೇಂಜ್ ಮಾಡೋಣು’ ಅಂದ. ನಮ್ಮ ಊರಲ್ಲಿ ಕಂಪ್ಯೂಟರಿಗೆ ಬರುವ ಎಲ್ಲ ರೋಗಕ್ಕೂ ಫಾರ್ಮ್ಯಾಟ್ ಒಂದೇ ಔಷಧ. ನನ್ನ ನುಡಿ ಫಾಂಟುಗಳು, ವರ್ಷಗಟ್ಟಲೆ ಕೂಡಿಟ್ಟ ಗಣಪತಿ, ಕಳಶ, ಬಾಳೆಕಂಬದ ಚಿತ್ರಗಳು ಎಲ್ಲ ಅದರಲ್ಲೇ. ಬೇಡಪ್ಪಾ ಅಂತ ವಾಪಸ್ ತಂದೆ. ಆದರೆ ಅಂಗಡಿಯಲ್ಲಿ ಅದು ಹೋಗಲಿಲ್ಲ ಅನ್ನುವುದು ತಲೆಯಲ್ಲಿ ಉಳಿಯಿತು.

ಮನೆಗೆ ಬಂದು ಈವೆಂಟ್ ವ್ಯೂವರ್ ತೆಗೆದೆ. ವಿಂಡೋಸ್ ತನ್ನ ದಿನಚರಿ ಬರೆದಿಡುವ ಜಾಗ ಅದು. ಅಲ್ಲಿ ಕೆಂಪು ಗುರುತಿನ ‘ಕರ್ನಲ್ ಪವರ್ 41’ ಸಾಲುಗಟ್ಟಿ ನಿಂತಿತ್ತು. ಬಹಳ ಜನ ಈ 41ನ್ನೇ ರೋಗದ ಹೆಸರು ಅಂದುಕೊಳ್ಳುತ್ತಾರೆ. ಅದು ಹೇಳುವುದಿಷ್ಟೆ: ಕಳೆದ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತು, ಈಗ ಮತ್ತೆ ಎದ್ದಿದೆ. ಉಪಯೋಗಕ್ಕೆ ಬರುವುದು ಅದರ ವಿವರದೊಳಗಿನ ಬಗ್‌ಚೆಕ್ ಕೋಡ್. ಅಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು, ಡ್ರೈವರ್ ಇಲ್ಲವೇ ರ‍್ಯಾಮ್ ಕಡೆ ನೋಡಬೇಕು ಅಂತ. ನನ್ನದರಲ್ಲಿ ಎಲ್ಲ ಸಲವೂ ಸೊನ್ನೆ. ಏನಾಯಿತೆಂದು ಬರೆದಿಡಲು ವಿಂಡೋಸಿಗೇ ಸಮಯ ಸಿಕ್ಕಿಲ್ಲ, ಕಾಲ ಕೆಳಗಿನ ಕರೆಂಟನ್ನೇ ಯಾರೋ ಎಳೆದಿದ್ದಾರೆ. ಅಪ್‌ಡೇಟ್ ಆಗಿ ತಾನೇ ರೀಸ್ಟಾರ್ಟ್ ಆಗಿದ್ದರೆ 1074 ಅನ್ನುವ ಸಂಖ್ಯೆ ಇರಬೇಕಿತ್ತು, ಆ ಹೊತ್ತುಗಳಲ್ಲಿ ಅದೂ ಇರಲಿಲ್ಲ.

41ರ ಪಕ್ಕದಲ್ಲೇ 6008 ಅಂತ ಇನ್ನೊಂದು ಇರುತ್ತದೆ, ಇಷ್ಟು ಗಂಟೆಗೆ ಆದ ಶಟ್‌ಡೌನ್ ಅನಿರೀಕ್ಷಿತ ಅಂತ ತಾರೀಖು, ವೇಳೆ ಸಮೇತ ಹೇಳುವಂಥದ್ದು. ನನಗೆ ದಾರಿ ತೋರಿಸಿದ್ದು ಇದೇ. ತಾರೀಖುಗಳನ್ನು ಹಾಳೆಯ ಮೇಲೆ ಇಳಿಸಿದೆ. ಎಲ್ಲವೂ ಬೆಳಗಿನ ಹೊತ್ತು, ಆರರಿಂದ ಎಂಟರೊಳಗೆ. ಆದರೆ ದಿನಾ ಇಲ್ಲ. ಒಂದು ದಿನ ಆಗಿದೆ, ಆಮೇಲೆ ಕೆಲವು ದಿನ ಬಿಟ್ಟಿದೆ, ಮತ್ತೆ ಒಂದೇ ಬೆಳಿಗ್ಗೆ ಮೇಲಿಂದ ಮೇಲೆ ಆಗಿದೆ.

ನಮ್ಮ ಅಡುಗೆಮನೆಯ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಗ್ಯಾಸ್ ಸಿಲಿಂಡರ್ ಬಂದ ದಿನಕ್ಕೆ ಗುಣಿಸು ಗುರುತು, ಹಾಲಿನವನಿಗೆ ರಜೆ ಹೇಳಿದ ದಿನಕ್ಕೆ ಅಡ್ಡಗೀರು, ನಳ ಬಂದ ದಿನಕ್ಕೆ ಸುತ್ತ ಒಂದು ಸೊನ್ನೆ. ಇದು ನಮ್ಮ ಅತ್ತೆಯ ಖಾತೆಪುಸ್ತಕ. ದಿನಾ ನೀರು ಬರದ ಓಣಿಯಲ್ಲಿ ಮುಂದಿನ ನಳ ಯಾವಾಗ ಅನ್ನುವುದು ಪಂಚಾಂಗದಷ್ಟೇ ಮುಖ್ಯ. ನಾನು ಹಾಳೆ ಹಿಡಿದು ಚಹಾಕ್ಕೆಂದು ಒಳಗೆ ಹೋದವಳು ಕ್ಯಾಲೆಂಡರ್ ಮುಂದೆ ನಿಂತುಬಿಟ್ಟೆ. ನನ್ನ ತಾರೀಖುಗಳಿಗೆಲ್ಲ ಆಗಲೇ ಅತ್ತೆಯ ಸೊನ್ನೆ ಬಿದ್ದಿತ್ತು. ‘ನಳ ಬಂದ್ರ ಕಂಪ್ಯೂಟರಿಗೇನ್ ಆಗ್ತದ? ಅದೇನ್ ನೀರ್ ಕುಡೀತದೇನು?’ ಅಂತ ಅತ್ತೆ ನಕ್ಕರು.

ನೀರು ಕುಡಿಯುವುದು ಮೋಟರು. ನಮ್ಮ ಓಣಿಯಲ್ಲಿ ನಳ ಬಿಟ್ಟ ಕೂಡಲೇ ಒಂದೊಂದು ಮನೆಯಲ್ಲೂ ಅರ್ಧ ಎಚ್‌ಪಿ ಮೋಟರ್ ಪೈಪಿಗೆ ಬೀಳುತ್ತದೆ. ಹಾಗೆ ಹಚ್ಚಬಾರದೆಂದು ಎಲ್ಲರಿಗೂ ಗೊತ್ತು. ಪಕ್ಕದವರು ಹಚ್ಚಿದ ಮೇಲೆ ನಾವು ಹಚ್ಚದಿದ್ದರೆ ಕೊಡ ತುಂಬುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತು. ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟು, ಓಡುತ್ತಿರುವಾಗ ಎಳೆಯುವುದರ ಐದಾರು ಪಟ್ಟು. ನಮ್ಮ ಮನೆ ಟಿಸಿಯಿಂದ, ಅಂದರೆ ಓಣಿಯ ಟ್ರಾನ್ಸ್‌ಫಾರ್ಮರಿನಿಂದ, ಬರುವ ಲೈನಿನ ತುತ್ತತುದಿ. ತಂತಿ ಉದ್ದವಾದಷ್ಟೂ, ಅದರಲ್ಲಿ ಹರಿಯುವ ಕರೆಂಟು ಹೆಚ್ಚಿದಷ್ಟೂ, ಕೊನೆಯ ಮನೆಗೆ ತಲುಪುವ ವೋಲ್ಟೇಜ್ ಕಡಿಮೆ. ಶಕ್ತಿನಗರದಲ್ಲಿ 1720 ಮೆಗಾವಾಟ್, ಯರಮರಸಿನಲ್ಲಿ 1600 ಮೆಗಾವಾಟ್ ಸ್ಥಾವರ ಇಟ್ಟುಕೊಂಡ ಊರಲ್ಲಿ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸುತ್ತದೆ ಅಂದರೆ ಹೊರಗಿನವರು ನಗುತ್ತಾರೆ. ದೀಪದ ಬುಡದಲ್ಲಿ ಕತ್ತಲು ಅಂತ ನಾವೂ ನಗುತ್ತೇವೆ. ಆದರೆ ಸ್ಥಾವರ ಎಷ್ಟು ಹತ್ತಿರ ಇದೆ ಅನ್ನುವುದಕ್ಕೂ ಓಣಿಯ ತಂತಿ ಎಷ್ಟು ತೆಳ್ಳಗಿದೆ ಅನ್ನುವುದಕ್ಕೂ ಸಂಬಂಧವಿಲ್ಲ.

ಇಷ್ಟಾದರೂ ಒಂದು ಗಂಟು ಬಿಡಲಿಲ್ಲ. ಮೋಟರುಗಳು ಹೊಸವಲ್ಲ, ಹೋದ ವರ್ಷವೂ ಇದ್ದವು. ಅದೂ ಅಲ್ಲದೆ ಇಂಥದ್ದಕ್ಕೆಂದೇ, ಕರೆಂಟು ಕೈಕೊಟ್ಟಾಗ ಬ್ಯಾಟರಿಯಿಂದ ನಡೆಸುವ ಯುಪಿಎಸ್ ಇಟ್ಟಿದ್ದೇನೆ. ಅದರ ಹಸಿರು ದೀಪ ಉರಿಯುತ್ತಲೇ ಇತ್ತು.

ಮುಂದಿನ ಸೊನ್ನೆಯ ದಿನಕ್ಕೆ ಕಾದೆ. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್ ತೆರೆಯಲು ಬಿಡದೆ, ಡಿಲೀಟ್ ಕೀ ಒತ್ತಿ, ವಿಂಡೋಸಿಗೂ ಮೊದಲು ಏಳುವ ಬೋರ್ಡಿನದೇ ತಂತ್ರಾಂಶವಾದ ಬಯೋಸ್ ಪರದೆಯಲ್ಲೇ ನಿಲ್ಲಿಸಿದೆ. ಅಲ್ಲಿ ವಿಂಡೋಸೂ ಇಲ್ಲ, ವೈರಸ್ಸೂ ಇಲ್ಲ, ಡ್ರೈವರೂ ಇಲ್ಲ. ಪಕ್ಕದ ಸಾಕೆಟ್ಟಿಗೆ ಮಲ್ಟಿಮೀಟರ್ ಚುಚ್ಚಿಟ್ಟೆ. 230 ಇರಬೇಕಾದಲ್ಲಿ ಮೊದಲೇ 205 ಇತ್ತು. ಬೀದಿಯಲ್ಲಿ ‘ನಳ ಬಂತ್ರೋ’ ಅಂತ ಕೂಗು ಎದ್ದಿತು. 190, 182, 171. ಎದುರುಮನೆಯ ಮೋಟರ್ ಗುರ್ ಅಂದದ್ದೂ ಅಂಕಿ 140ರ ಕೆಳಗೆ ಜಾರಿದ್ದೂ ಒಟ್ಟಿಗೆ. ಯುಪಿಎಸ್ ಒಳಗೆ ಟಕ್ ಅಂತ ರಿಲೇ ಸದ್ದು. ಬಯೋಸ್ ಪರದೆ ಕಪ್ಪಾಗಿ ಕಂಪ್ಯೂಟರ್ ಮತ್ತೆ ಶುರುವಾಯಿತು. ಫಾರ್ಮ್ಯಾಟ್ ಮಾಡಿಸಿದ್ದರೂ ಇದೇ ಆಗುತ್ತಿತ್ತು.

ನೀರು ನಿಲ್ಲುವ ಮೊದಲೇ ಇನ್ನೊಂದು ನೋಡಬೇಕಿತ್ತು. ಯುಪಿಎಸ್ ತೆಗೆದು ಕಂಪ್ಯೂಟರ್ ವೈರನ್ನು ನೇರ ಗೋಡೆಯ ಸಾಕೆಟ್ಟಿಗೆ ಹಾಕಿದೆ. ಟ್ಯೂಬ್‌ಲೈಟ್ ಮಿಟುಕಿತು, ಫ್ಯಾನ್ ಏದುಸಿರು ಬಿಟ್ಟಿತು, ಮೀಟರ್ ಮತ್ತೆ 140ಕ್ಕೆ ಇಳಿಯಿತು. ಕಂಪ್ಯೂಟರ್ ಮಾತ್ರ ಅಲುಗಾಡಲಿಲ್ಲ.

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಕೊಡುವ ಭಾಗವಾದ ಎಸ್‌ಎಂಪಿಎಸ್‌ನ ಚೀಟಿ ನೋಡಿದರೆ ಕಾರಣ ಅಲ್ಲೇ ಬರೆದಿತ್ತು: 100-240 ವೋಲ್ಟ್. 140 ಬಂದರೂ ಅದಕ್ಕೆ ನಡೆಯುತ್ತದೆ. ಯುಪಿಎಸ್ ಮೇಲೆ ಬರೆದಿದ್ದು 145-290. ಅದರ ಕೆಳಗೆ ಬಂದ ಕೂಡಲೇ ಅದು ಗೋಡೆಯ ಕರೆಂಟು ಬಿಟ್ಟು ಬ್ಯಾಟರಿಗೆ ಹಾರುತ್ತದೆ. ಆ ಜಿಗಿತಕ್ಕೆ ಹಿಡಿಯುವುದು ಕೆಲವೇ ಮಿಲಿಸೆಕೆಂಡು, ಅಷ್ಟು ಹೊತ್ತು ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ಉಳಿದದ್ದರಿಂದಲೇ ನಿಭಾಯಿಸುತ್ತದೆ. ಆದರೆ ಜಿಗಿದ ಕಡೆ ನೆಲ ಇರಬೇಕಲ್ಲ. ಬ್ಯಾಟರಿ ಕೈಕೊಟ್ಟಾಗ ಎಸ್‌ಎಂಪಿಎಸ್ ಬೋರ್ಡಿಗೆ ‘ಕರೆಂಟು ಸರಿ ಇದೆ’ ಅಂತ ಕೊಡುತ್ತಿದ್ದ ಸಂಕೇತವನ್ನು ಹಿಂದೆಗೆಯುತ್ತದೆ, ಬೋರ್ಡ್ ಆ ಕ್ಷಣವೇ ರೀಸೆಟ್ ಆಗುತ್ತದೆ. ಕಾಯಲಿಕ್ಕೆಂದು ಇಟ್ಟ ಡಬ್ಬವೇ ಕಂಪ್ಯೂಟರನ್ನು ಕೆಡವುತ್ತಿತ್ತು.

ಖಾತ್ರಿಗೆ ಹಳೆಯ 100 ವಾಟ್ ಬಲ್ಬೊಂದನ್ನು ಯುಪಿಎಸ್ಸಿಗೆ ಹಚ್ಚಿ ಗೋಡೆಯ ಪ್ಲಗ್ ಎಳೆದೆ. ಈ ಪರೀಕ್ಷೆಯನ್ನು ಬಲ್ಬಿನ ಮೇಲೆ ಮಾಡುವುದೇ ಒಳ್ಳೆಯದು, ಕಂಪ್ಯೂಟರಿನ ಮೇಲಲ್ಲ. ಒಮ್ಮೆ ಕೆಂಪಗೆ ಮಿನುಗಿ ಆರಿಹೋಯಿತು. ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದಿಟ್ಟು, ನಾಲ್ಕು ಸ್ಕ್ರೂ ಬಿಚ್ಚಿದೆ. 12 ವೋಲ್ಟ್, 7 ಆಂಪಿಯರ್-ಅವರ್‌ನ ಬ್ಯಾಟರಿ ಎರಡೂ ಪಕ್ಕಕ್ಕೆ ಹೊಟ್ಟೆ ಬಿಟ್ಟು ಗೂಡಿನಲ್ಲೇ ಸಿಕ್ಕಿಕೊಂಡಿತ್ತು. ಕರಿ ವೈರಿನ ಬುಡದಲ್ಲಿ ಬಿಳಿ ಪುಡಿ. ಎಳೆದಾಡಿ ಹೊರಗೆ ತೆಗೆದು ಮೀಟರ್ ಹಚ್ಚಿದರೆ ಸುಮ್ಮನಿದ್ದಾಗ 12.6, ಚೊಕ್ಕ ಸುಳ್ಳು. ಕಾರಿನ ಚಿಕ್ಕ ಬಲ್ಬ್ ಒಂದನ್ನು ತಾಗಿಸಿದರೆ ಸರ್ರನೆ ಒಂಬತ್ತಕ್ಕೆ ಇಳಿಯಿತು. ಭಾರವಿಲ್ಲದೆ ಅಳೆದರೆ ಸತ್ತ ಬ್ಯಾಟರಿಯೂ ಬದುಕಿದಂತೆ ಕಾಣುತ್ತದೆ, ಹಸಿರು ದೀಪ ಉರಿಯುತ್ತಿದ್ದುದೂ ಅದಕ್ಕೇ.

ಶಾಖ ಕಾರಣ ಅಂದವರ ಮಾತಿನಲ್ಲಿ ಸ್ವಲ್ಪ ಸತ್ಯವೂ ಇತ್ತು ಅನ್ನಬೇಕು. ಇಂಥ ಸೀಸದ ಬ್ಯಾಟರಿಗಳ ಆಯಸ್ಸು ಲೆಕ್ಕ ಹಾಕುವುದು ಇಪ್ಪತ್ತೈದು ಡಿಗ್ರಿಗೆ. ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದಂತೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ನಮ್ಮ ಊರಿನ ಏಪ್ರಿಲ್-ಮೇನಲ್ಲಿ, ಗಾಳಿಯಾಡದ ಟೇಬಲ್ ಕೆಳಗೆ, ಒಳಗೊಳಗೇ ಬಿಸಿಯಾಗುವ ಡಬ್ಬದಲ್ಲಿ ಅದು ಎರಡು ಬೇಸಿಗೆ ದಾಟಿದ್ದೇ ಹೆಚ್ಚು.

ಹೊಸ ಬ್ಯಾಟರಿಗೆ ಸಾವಿರದ ಆಸುಪಾಸು ಆಯಿತು, ಹಳೆಯದನ್ನು ಅಂಗಡಿಯವರೇ ತೂಕಕ್ಕೆ ಇಟ್ಟುಕೊಂಡು ಒಂದಿಷ್ಟು ಬಿಟ್ಟರು. ಕೆಂಪು ಕೆಂಪಿಗೆ, ಕರಿ ಕರಿಗೆ ಹಚ್ಚಿ, ರಾತ್ರಿಯಿಡೀ ಚಾರ್ಜಿಗೆ ಬಿಟ್ಟು, ಯುಪಿಎಸ್ಸನ್ನು ಟೇಬಲ್ ಕೆಳಗಿಂದ ಕಿಟಕಿ ಪಕ್ಕದ ಸ್ಟೂಲಿಗೆ ಏರಿಸಿದೆ. ಮತ್ತೆ ನಳ ಬಂದ ಬೆಳಿಗ್ಗೆ ಅದು ಟಕ್ ಟಕ್ ಅನ್ನುತ್ತ, ನಡುನಡುವೆ ಬೀಪ್ ಹೊಡೆಯುತ್ತ ನಿಭಾಯಿಸಿತು. ಕುಳಿತ ಕಡೆಯಿಂದ ಏಳದೆ ಒಂದು ಪೂರ್ತಿ ಲಗ್ನಪತ್ರಿಕೆ ಮುಗಿಸಿದೆ.

ಸುದ್ದಿ ಓಣಿಯಲ್ಲಿ ಹರಡಿ, ಟ್ಯೂಷನ್ ಹೇಳುವ ಎದುರುಮನೆಯ ಮೇಷ್ಟ್ರು ತಮ್ಮ ಕಂಪ್ಯೂಟರೂ ಹೀಗೇ ಹೋಗುತ್ತದೆ, ಯುಪಿಎಸ್ ಬ್ಯಾಟರಿ ತರಲೇ ಅಂತ ಬಂದರು. ಯಾವಾಗ ಹೋಗುತ್ತದೆ ಅಂತ ಕೇಳಿದೆ. ‘ಹುಡುಗ್ರು ಪೆನ್‌ಡ್ರೈವ್ ಹಾಕಿದಾಗ’ ಅಂದರು. ಹೋಗಿ ಟಾರ್ಚ್ ಬಿಟ್ಟು ನೋಡಿದರೆ ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಕಿಂಡಿಯಲ್ಲಿ ನಾಲಿಗೆ ಮುರಿದು, ಒಳಗಿನ ಹಿತ್ತಾಳೆ ಎಳೆಗಳು ಸೊಟ್ಟಗಾಗಿ ಹೊರಗಿನ ತಗಡಿಗೆ ತಾಗುತ್ತಿದ್ದವು. ಏನೇ ತುರುಕಿದರೂ ಶಾರ್ಟ್. ಬೋರ್ಡಿನಿಂದ ಆ ಮುಂದಿನ ಕಿಂಡಿಯ ಕೇಬಲ್ ಕಿತ್ತು, ಪೆನ್‌ಡ್ರೈವ್ ಏನಿದ್ದರೂ ಹಿಂದಿನ ಕಿಂಡಿಗೆ ಹಾಕಲು ಹೇಳಿ ಬಂದೆ.